ಕಂಪ್ಯೂಟರಿಗೆ ಕಚ್ಚಾ ಹೊಲಿಗೆ

ಅಪ್ಪ ಕಂಪ್ಯೂಟರ್ ಜೋಡಿಸುತ್ತಾನಂತೆ ಎಂದು ಮಗಳು ಬಂದು ಹೇಳಿದಾಗ ನಾನು ಪಾತ್ರೆ ತೊಳೆಯುತ್ತಿದ್ದೆ. ಕೈಯಲ್ಲಿದ್ದ ಲೋಟವೇನೂ ಜಾರಲಿಲ್ಲ ಬಿಡಿ. ಇವರ ಜೊತೆ ಮೂವತ್ತೊಂದು ವರ್ಷ ಬಾಳಿದವಳ ಕೈಯಿಂದ ಲೋಟ ಅಷ್ಟು ಸುಲಭಕ್ಕೆ ಜಾರುವುದಿಲ್ಲ.

ನಮ್ಮವರು ದರ್ಜಿ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಕಂಪ್ಯೂಟರಿಗೂ ಇವರಿಗೂ ಅಲ್ಲಿಯವರೆಗೆ ಇದ್ದ ನಂಟು ಒಂದೇ. ಮಗಳ ಹಳೆಯ ಕಂಪ್ಯೂಟರಿನ ಮೇಲೆ ಧೂಳು ಕೂರದಿರಲಿ ಎಂದು ಉಳಿದ ಅಸ್ತರಿನ ಬಟ್ಟೆಯಲ್ಲಿ ಒಂದು ಮುಸುಕು ಹೊಲಿದುಕೊಟ್ಟಿದ್ದರು. ಆ ಮುಸುಕಿಗೆ ಒಂದು ಜೇಬೂ ಇತ್ತು. ಜೇಬು ಯಾಕೆ ಎಂದು ಕೇಳಿದ್ದಕ್ಕೆ, ಬಟ್ಟೆ ಉಳಿದಿತ್ತು, ಇರಲಿ ಬಿಡು ಎಂದಿದ್ದರು.

ಏಳು ತಿಂಗಳ ಹಿಂದೆ ಅಂಗಡಿಯ ಕಬ್ಬಿಣದ ಬಾಗಿಲು ಎಳೆಯುವಾಗ ಇವರ ಬಲಗೈ ಹೆಬ್ಬೆರಳು ಸಿಕ್ಕಿಕೊಂಡು ಮೂಳೆ ಮುರಿಯಿತು. ಮೂಳೆ ಕೂಡಿಕೊಂಡಿತು, ಊತ ಇಳಿಯಿತು. ಇನ್ನು ಭಯವಿಲ್ಲ, ಬೆರಳಿಗೆ ಕೆಲಸ ಕೊಡಿ, ಬಲ ತಾನಾಗಿ ಬರುತ್ತದೆ ಎಂದು ಡಾಕ್ಟರು ಮೂರು ಸಲ ಹೇಳಿದರು. ಇವರು ಕೊಡಬೇಕಲ್ಲ? ಬಾಣಂತಿಯನ್ನು ನೋಡಿಕೊಳ್ಳುವಂತೆ ಆ ಬೆರಳನ್ನು ನೋಡಿಕೊಂಡರು. ಹಲ್ಲುಜ್ಜುವುದು ಎಡಗೈಯಲ್ಲಿ, ಬೀಗ ತೆಗೆಯುವುದು ಎಡಗೈಯಲ್ಲಿ. ಅಂಗಡಿಯನ್ನು ತಮ್ಮನ ಕೈಗೆ ಬಿಟ್ಟು ಮನೆಯಲ್ಲಿ ಕೂತರು.

ಮನೆಯಲ್ಲಿ ಕೂತ ಗಂಡಸು ಎಂದರೆ ಏನು ಎಂಬುದು ಪಟ್ಟವರಿಗೇ ಗೊತ್ತು. ಪರದೆಯ ಅಂಚು ಸೊಟ್ಟಗಿದೆ ಎನ್ನುವುದು, ದಿಂಬಿನ ಹೊಲಿಗೆ ನೋಡಿ ಯಾವ ಮಹಾನುಭಾವ ಹೊಲಿದದ್ದು ಎಂದು ಕೇಳುವುದು, ಬಂದ ನೆಂಟರ ಕಾಲರನ್ನು ಕಣ್ಣಲ್ಲೇ ಬಿಚ್ಚಿ ಮತ್ತೆ ಹೊಲಿಯುವುದು. ನನ್ನ ನಾಲಿಗೆಯೂ ಸುಮ್ಮನಿರುವಂಥದ್ದಲ್ಲ, ಬೇಕಾದಷ್ಟು ಗೇಲಿ ಮಾಡಿದ್ದೇನೆ. ಆದರೆ ಹೆಬ್ಬೆರಳಿನ ವಿಷಯದಲ್ಲಿ ಮಾತ್ರ ಒಂದು ದಿನವೂ ಬಾಯಿ ಬಿಟ್ಟವಳಲ್ಲ. ಭಯವಾಗುತ್ತಿತ್ತು.

ಕಂಪ್ಯೂಟರಿನ ಸುದ್ದಿ ಬಂದ ವಾರವೇ, ಅಂಗಡಿ ನೋಡಿಕೊಳ್ಳುತ್ತಿದ್ದ ನನ್ನ ಮೈದುನ ಬಂದು ಮೆಲ್ಲಗೆ ಒಂದು ಮಾತು ಕೇಳಿದ. ಅಣ್ಣನ ದೊಡ್ಡ ಕತ್ತರಿ ಸುಮ್ಮನೆ ಮೂಲೆಯಲ್ಲಿ ಬಿದ್ದಿದೆ, ತುಕ್ಕು ಹಿಡಿಯುವುದಕ್ಕಿಂತ ತಾನು ಬಳಸಬಹುದೇ ಎಂದು. ಪಾಪ, ಅವನದು ತಪ್ಪಲ್ಲ. ಆದರೆ ದರ್ಜಿಯ ಮನೆಯಲ್ಲಿ ಕತ್ತರಿ ಕೈ ಬದಲಾಯಿತೆಂದರೆ ಕಸುಬು ಬಿಟ್ಟ ಹಾಗೆಯೇ. ಭಾನುವಾರ ಹೇಳುತ್ತೇನೆ ಎಂದು ಇವರು ಅವನನ್ನು ಕಳಿಸಿದರು.

ಅದೇ ಹೊತ್ತಿಗೆ ಮಗಳ ಸಾಮಾನು ಬಂತು. ಅವಳು ಕಟ್ಟಡಗಳ ನಕ್ಷೆ ಬರೆಯುವವಳು. ಹಳೆಯ ಕಂಪ್ಯೂಟರ್ ಕೈಕೊಟ್ಟಿದ್ದರಿಂದ ಹೊಸದನ್ನು ಬಿಡಿ ಭಾಗಗಳಲ್ಲಿ ತರಿಸಿಕೊಂಡಿದ್ದಳು. ಬಿಡುವಾದಾಗ ತಾನೇ ಕೂಡಿಸುತ್ತೇನೆ ಎಂದುಕೊಂಡಿದ್ದವಳ ಮುಂದೆ ಇವರು ಡಬ್ಬಗಳನ್ನೆಲ್ಲ ತಿರುವಿ ನೋಡಿ, ಇದರಲ್ಲೇನಿದೆ, ಕಟಿಂಗ್ ಎಲ್ಲ ಆಗಿದೆ, ಹೊಲಿಯುವುದಷ್ಟೇ ಬಾಕಿ ಎಂದುಬಿಟ್ಟರು. ಊಟಕ್ಕೆ ಕೂತಾಗ ಉಳಿದದ್ದನ್ನೂ ಹೇಳಿದರು.

“ಇದನ್ನ ನನ್ನ ಕೈಲಿ ಕೂಡಿಸೋಕೆ ಆದ್ರೆ ಅಂಗಡಿಗೆ ವಾಪಸ್ ಹೋಗ್ತೀನಿ. ಆಗ್ಲಿಲ್ಲ ಅಂದ್ರೆ ಕತ್ತರಿ ತಮ್ಮನೇ ಇಟ್ಕೊಳ್ಳಲಿ.”

ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು. ಬೇಡ ಎನ್ನುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಶನಿವಾರ ಬೆಳಿಗ್ಗೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ಅಳತೆ ಟೇಪು ಹಾಕಿಕೊಂಡು ಬಂದರು. ಟೇಪು ಯಾಕೆ ಎಂದು ನಾನು ಕೇಳಲಿಲ್ಲ, ಅದಿಲ್ಲದಿದ್ದರೆ ಇವರಿಗೆ ಕತ್ತು ಖಾಲಿ ಅನಿಸುತ್ತದೆ. ಊಟದ ಮೇಜಿನ ಮೇಲೆ ತಮ್ಮಲ್ಲಿದ್ದ ಅತಿ ಒಳ್ಳೆಯ ಉಣ್ಣೆಯ ಬಟ್ಟೆಯನ್ನು ಸುಕ್ಕಿಲ್ಲದಂತೆ ಹಾಸಿ, ಉಳಿದ ಭಾಗಗಳೆಲ್ಲ ಕೂರುವ ಮದರ್‌ಬೋರ್ಡನ್ನು ಅದರ ಮೇಲೆ ಮಲಗಿಸಲು ಹೊರಟಿದ್ದರು. ಕಚೇರಿಗೆ ಹೊರಟಿದ್ದ ಮಗಳು ಓಡಿಬಂದು ಬಟ್ಟೆ ಎಳೆದು ತೆಗೆದಳು. ಉಣ್ಣೆಯ ಮೇಲೆ ಇಟ್ಟರೆ ಕರೆಂಟು ಹುಟ್ಟಿ ಬೋರ್ಡ್ ಸುಟ್ಟೀತಂತೆ. ಅದು ಬಂದ ರಟ್ಟಿನ ಡಬ್ಬದ ಮೇಲೆಯೇ ಇಡಬೇಕಂತೆ. ಇಷ್ಟು ನಾಜೂಕಿನ ಸಾಮಾನನ್ನು ರಟ್ಟಿನ ಮೇಲೆ ಮಲಗಿಸುವುದೇ ಎಂದು ಇವರಿಗೆ ಬೇಜಾರಾಯಿತು.

ಪ್ರೊಸೆಸರ್ ಎಂಬ ಮುಖ್ಯ ಚೂರನ್ನೂ ಅದರ ಮೇಲಿನ ಫ್ಯಾನನ್ನೂ ಕಂಪ್ಯೂಟರ್ ಅಂಗಡಿಯವನೇ ಕೂರಿಸಿ ಕಳಿಸಿದ್ದ. ಉಳಿದದ್ದಕ್ಕೆ ಚಿತ್ರಗಳ ಪುಸ್ತಕವಿತ್ತು. ಮಗಳು ಒಂದೊಂದನ್ನೂ ತೋರಿಸಿ, ಎಲ್ಲಿ ಏನು ಕೂರಬೇಕು ಎಂದು ಹೇಳಿ ಹೊರಟಳು.

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಇವರು ಮೊದಲು ಕ್ಯಾಬಿನೆಟ್ ಎಂಬ ಹೊರಪೆಟ್ಟಿಗೆಯ ಅಳತೆ ತೆಗೆದುಕೊಂಡರು. ಎದೆ, ಭುಜ, ಎತ್ತರ, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡರು. ಆಮೇಲೆ ಡಬ್ಬಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಮದರ್‌ಬೋರ್ಡಿನ ಡಬ್ಬದ ಮೇಲೆ ‘ಬೆನ್ನು’, ಕೇಬಲ್‌ಗಳ ಪೊಟ್ಟಣದ ಮೇಲೆ ‘ತೋಳು’. ಸ್ಕ್ರೂಗಳನ್ನು ಗುಂಡಿ ಎಂದೇ ಕರೆದರು. ಗುಂಡಿ ಎಣಿಸಿಕೊಡು ಎಂದು ನನ್ನನ್ನೂ ಕೆಲಸಕ್ಕೆ ಹಚ್ಚಿದರು. ಇಪ್ಪತ್ತಮೂರು ಇತ್ತು. ಗಿರಾಕಿ ಅಳತೆ ಕೊಡಲು ತಾವೇ ಬರುತ್ತಾರೋ ಮನೆಗೇ ಹೋಗಬೇಕೋ ಎಂದು ನಾನು ವಿನಯದಿಂದ ವಿಚಾರಿಸಿದೆ. ಕೆಲಸದ ಹೊತ್ತಲ್ಲಿ ಅಡ್ಡ ಬಾಯಿ ಹಾಕಬೇಡ ಎಂದರು. ಎಷ್ಟು ತಿಂಗಳಾಗಿತ್ತು ಇವರ ಬಾಯಲ್ಲಿ ಕೆಲಸದ ಹೊತ್ತು ಎಂಬ ಮಾತು ಕೇಳಿ! ನನಗೆ ಒಳಗೊಳಗೇ ಖುಷಿಯಾಯಿತು.

ಆದರೂ ಬಿಡಲಿಲ್ಲ. ಹನ್ನೊಂದು ಗಂಟೆಗೆ ಕಾಫಿ ಕೊಡುವಾಗ ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿದ್ದೀರಲ್ಲ ಎಂದೆ. ಇವರು ತಮಗದು ಗೊತ್ತೆಂದೂ, ಒಳ್ಳೆಯ ಕೋಟನ್ನು ಒಳಗು ಹೊರಗು ಎರಡೂ ಕಡೆಯಿಂದ ನೋಡಬೇಕೆಂದೂ ಹೇಳಿ, ನಾನು ಅಡುಗೆಮನೆಗೆ ಹೋದ ಮೇಲೆ ಸದ್ದಿಲ್ಲದೆ ಅದನ್ನು ತಿರುಗಿಸಿಕೊಂಡರು. ಬಾಗಿಲ ಸಂದಿಯಿಂದ ನೋಡಿದ್ದೇನೆ.

ನಾಲ್ಕು ಗಂಟೆಯ ಹೊತ್ತಿಗೆ ಎಲ್ಲ ಕೂಡಿತು. ನಿಜ ಹೇಳುತ್ತೇನೆ, ಚಂದ ಇತ್ತು. ಕೇಬಲ್‌ಗಳನ್ನು ಬಣ್ಣ ನೋಡಿ ಬೇರೆ ಮಾಡಿ, ಕಪ್ಪು ದಾರದಿಂದ ಅಲ್ಲಲ್ಲಿ ಕಟ್ಟಿದ್ದರು. ಮಾನಿಟರ್ ಜೋಡಿಸಿ, ಗೋಡೆಯ ಸ್ವಿಚ್ ಹಾಕಿ, ಕ್ಯಾಬಿನೆಟ್ಟಿನ ಪವರ್ ಗುಂಡಿಯನ್ನು ಎಡಗೈ ಬೆರಳಿನಿಂದ ಒತ್ತಿದರು.

ಕಮಕ್ ಕಿಮಕ್ ಎನ್ನಲಿಲ್ಲ.

ಮತ್ತೆ ಒತ್ತಿದರು. ಗೋಡೆಯ ಸ್ವಿಚ್ ಆರಿಸಿ, ಪುಸ್ತಕ ತೆಗೆದು, ಒಂದೊಂದು ಚಿತ್ರಕ್ಕೂ ಬೆರಳಿಟ್ಟು ತಾಳೆ ನೋಡಿದರು. ಎಲ್ಲವೂ ಚಿತ್ರದಲ್ಲಿದ್ದ ಕಡೆಯೇ ಇತ್ತು. ಮೂರನೆಯ ಸಲವೂ ಆ ಪೆಟ್ಟಿಗೆ ಸುಮ್ಮನೆ ಕೂತಿತ್ತು. ಇವರು ಬಲಗೈ ಹೆಬ್ಬೆರಳನ್ನು ಎಡಗೈಯ ಮುಷ್ಟಿಯೊಳಗೆ ಹಿಡಿದುಕೊಂಡರು. ಆಮೇಲೆ, ಭಾನುವಾರದವರೆಗೆ ಕಾಯುವುದೇನು, ತಮ್ಮನಿಗೆ ಈಗಲೇ ಹೇಳಿಬಿಡುತ್ತೇನೆ, ಫೋನು ಎಲ್ಲಿ ಎಂದು ಕೇಳಿದರು.

ಫೋನು ನನ್ನ ಸೆರಗಿನ ಮರೆಯಲ್ಲಿತ್ತು. ಬ್ಯಾಟರಿ ಸತ್ತಿದೆ, ಚಾರ್ಜಿಗೆ ಹಾಕಿದ್ದೇನೆ ಎಂದೆ. ಸುಳ್ಳು ಹೇಳುವಾಗ ನನಗೆ ತಡವರಿಕೆ ಎಂಬುದೇ ಇಲ್ಲ. ಇವರು ಎದ್ದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತರು.

ಮಗಳು ಬಂದವಳೇ ಚಪ್ಪಲಿ ಬಿಡುವ ಮೊದಲೇ ಅಪ್ಪನ ಮುಖ ನೋಡಿ ಅರ್ಥಮಾಡಿಕೊಂಡಳು. ಕ್ಯಾಬಿನೆಟ್ಟಿನೊಳಗೆ ಬಗ್ಗಿ ನೋಡಿದಳು, ಒಂದೆರಡು ಕಡೆ ಬೆರಳು ತಾಗಿಸಿದಳು. ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಅವಳ ಕಣ್ಣು ತುಂಬಿತ್ತು.

“ಅಮ್ಮ, ಒಂದೂ ಪೂರ್ತಿ ಒಳಗೆ ಹೋಗಿಲ್ಲ. ಎಲ್ಲಾ ಬರೀ ತಗುಲಿಕೊಂಡಿದೆ ಅಷ್ಟೇ. ಅಪ್ಪನ ಬೆರಳಿಗೆ ಬಲ ಸಾಲ್ತಿಲ್ಲ. ನಾನೇ ಸದ್ದಿಲ್ಲದೆ ಒತ್ತಿಬಿಡ್ತೀನಿ, ನೀನು ಅಪ್ಪನ್ನ ಅಲ್ಲೇ ಮಾತಾಡಿಸ್ತಾ ಇರು.”

ಆಗಲಿ ಎಂದೇಬಿಟ್ಟೆ. ಆದರೆ ಮೆಟ್ಟಿಲ ಕಡೆ ಹೋಗುವ ಮೊದಲು ನಾನೂ ಒಮ್ಮೆ ಒಳಗೆ ಬಗ್ಗಿ ನೋಡಿದೆ. ಕಂಪ್ಯೂಟರ್ ನನಗೇನು ತಿಳಿಯುತ್ತದೆ? ತಿಳಿಯುವುದು ಇವರ ಕೈಕೆಲಸ. ಸ್ಕ್ರೂಗಳು ಒಂದೂ ಬಿಗಿಯಾಗಿರಲಿಲ್ಲ, ನಿಜ. ಆದರೆ ಬೆರಳಿನಿಂದ ತಿರುಗಿಸಿ ನೋಡಿದರೆ ಒಂದೊಂದೂ ಸರಿಯಾಗಿ ಒಂದೂವರೆ ಸುತ್ತಷ್ಟೇ ಒಳಗೆ ಹೋಗಿ ನಿಂತಿತ್ತು. ಒಂದಕ್ಕೆ ಕಡಿಮೆಯಿಲ್ಲ, ಒಂದಕ್ಕೆ ಹೆಚ್ಚಿಲ್ಲ. ಬಲ ಸಾಲದ ಕೈ ಒಂದನ್ನು ಸಡಿಲ ಬಿಡುತ್ತದೆ, ಇನ್ನೊಂದನ್ನು ಸೊಟ್ಟ ಕೂರಿಸುತ್ತದೆ. ಇಷ್ಟು ಸಮನಾಗಿ ಸಡಿಲ ಬಿಡಬೇಕಾದರೆ ಬೇಕೆಂದೇ ಬಿಡಬೇಕು.

ನನಗೆ ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡರೂ ನಿಲ್ಲಲಿಲ್ಲ. ಮಗಳು ಕೆಂಗಣ್ಣು ಬಿಟ್ಟಳು. ಇವರು ಮೆಟ್ಟಿಲಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತರು, ಮುಖ ಚಿಕ್ಕದಾಗಿತ್ತು.

“ರೀ, ಟ್ರಯಲ್‌ಗೆ ಇಟ್ಟಿದ್ದೀರಾ ಇದನ್ನ?” ಎಂದು ಕೇಳಿದೆ.

“ಮತ್ತೆ? ಟ್ರಯಲ್ ನೋಡದೆ ಪಕ್ಕಾ ಹೊಲಿಗೆ ಹಾಕೋಕೆ ನಾನೇನು ನಿನ್ನೆ ಮೊನ್ನೆ ಸೂಜಿ ಹಿಡಿದವನಾ?” ಎಂದರು.

ಮಗಳಿಗೆ ನಾನು ಬಿಡಿಸಿ ಹೇಳಬೇಕಾಯಿತು. ಕೋಟು ಹೊಲಿಯುವವರು ಮೊದಲು ಕಚ್ಚಾ ಹೊಲಿಗೆ ಹಾಕುತ್ತಾರೆ. ತೋಳು, ಕಾಲರು ಎಲ್ಲವನ್ನೂ ಉದ್ದುದ್ದ ದಾರದಲ್ಲಿ ಸಡಿಲವಾಗಿ ತಗುಲಿಸಿ, ಗಿರಾಕಿಗೆ ತೊಡಿಸಿ ನೋಡಿ, ಸರಿ ಎನಿಸಿದ ಮೇಲೆಯೇ ಗಟ್ಟಿ ಹೊಲಿಗೆ. ತಪ್ಪಾಗಿದ್ದರೆ ಒಂದೆಳೆ ಎಳೆದರೆ ಸಾಕು, ಬಟ್ಟೆಗೆ ಗಾಯವಾಗದೆ ಬಿಚ್ಚಿಕೊಳ್ಳುತ್ತದೆ. ಇವರ ಕೈಯಿಂದ ಟ್ರಯಲ್ ಇಲ್ಲದೆ ಒಂದು ಕೋಟೂ ಹೊರಗೆ ಹೋದದ್ದಿಲ್ಲ. ನಮ್ಮ ಮದುವೆಯ ಕೋಟನ್ನೇ ಎರಡು ಸಲ ಟ್ರಯಲ್ ನೋಡಿದ ಮನುಷ್ಯ.

ಮಗಳು ಮೂಗು ಒರೆಸಿಕೊಂಡು ನಕ್ಕಳು. “ಅಪ್ಪಾ, ಇದಕ್ಕೆ ಟ್ರಯಲ್ ಇಲ್ಲ. ಅರ್ಧ ಕೂತರೆ ಕರೆಂಟು ಅರ್ಧ ಬರಲ್ಲ, ಬರೋದೇ ಇಲ್ಲ. ಟಕ್ ಅನ್ನೋವರೆಗೂ ಒತ್ತಬೇಕು.”

ಟ್ರಯಲ್ ಇಲ್ಲದ ಕಸುಬು ಅದೆಂಥ ಕಸುಬು ಎಂದು ಗೊಣಗುತ್ತ ಇವರು ಮತ್ತೆ ಮೇಜಿಗೆ ಬಂದರು. ಗೋಡೆಯಿಂದ ವೈರು ಕಿತ್ತು, ಕ್ಯಾಬಿನೆಟ್ಟನ್ನು ಮಲಗಿಸಿದರು. ಸ್ಕ್ರೂಗಳು ಸಲೀಸಾಗಿ ಬಿಗಿಯಾದವು. ಕೇಬಲ್‌ಗಳನ್ನು ಅಂಗೈಯಿಂದ ಒತ್ತಿದರು. ಕೊನೆಗೆ ಉಳಿದದ್ದು ರ್‍ಯಾಮ್, ಬಾಚಣಿಗೆಯಷ್ಟು ಉದ್ದದ ಒಂದು ಪಟ್ಟಿ. ಅದರ ಎರಡು ತುದಿಗೂ ಎರಡು ಹೆಬ್ಬೆರಳು ಇಟ್ಟು ಒಟ್ಟಿಗೇ ಒತ್ತಬೇಕಿತ್ತು.

ಇವರು ಎರಡೂ ಹೆಬ್ಬೆರಳು ಇಟ್ಟರು. ಎಡಗಡೆ ಟಕ್ ಎಂದಿತು. ಬಲಗಡೆ ಎನ್ನಲಿಲ್ಲ. ಬೆರಳು ತೆಗೆದು, ಅಂಗಿಗೆ ಒರೆಸಿಕೊಂಡು, ಮತ್ತೆ ಇಟ್ಟರು. ಬೋರ್ಡು ಸ್ವಲ್ಪ ಬಾಗಿತು, ಇವರು ಬೆಚ್ಚಿ ಕೈ ತೆಗೆದರು. ಮಗಳು ತನ್ನ ಕೈ ಮುಂದೆ ತಂದಳು. ನಾನು ಅವಳ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದೆ. ಅಷ್ಟು ಗಟ್ಟಿಯಾಗಿ ಹಿಡಿದಿದ್ದೆನಂತೆ, ಕೆಂಪಗಾಗಿತ್ತು ಎಂದು ಆಮೇಲೆ ತೋರಿಸಿದಳು.

“ಬಲ ಇಲ್ಲ ಅಂತಲ್ಲ,” ಎಂದರು ಇವರು, ನಮ್ಮಿಬ್ಬರ ಮುಖವನ್ನೂ ನೋಡದೆ. “ಎಲ್ಲಿ ಮುರಿಯುತ್ತೋ ಅಂತ ಭಯ.”

ಯಾವುದು ಮುರಿಯುವ ಭಯ ಎಂದು ನಾನು ಕೇಳಲಿಲ್ಲ. “ಮುರಿದ್ರೆ ಮುರೀಲಿ. ಒತ್ತಿ,” ಎಂದೆ.

ಒತ್ತಿದರು. ಭುಜದಿಂದ ಬಲ ತಂದು, ಹಲ್ಲು ಕಚ್ಚಿ ಒತ್ತಿದರು. ಉಗುರು ಬೆಳ್ಳಗಾಯಿತು. ಟಕ್ ಎಂದಿತು. ಇವರು ಆ ಸದ್ದನ್ನು ನಂಬದೆ ಮಗಳ ಕಡೆ ನೋಡಿದರು, ಅವಳು ತಲೆಯಾಡಿಸಿದಳು. ವೈರು ಸಿಕ್ಕಿಸಿ, ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ಮಾನಿಟರ್ ಮೇಲೆ ಬಿಳಿ ಅಕ್ಷರಗಳು ಬಂದವು. ಆ ಗುಂಡಿಯನ್ನು ಇವರು ಒತ್ತಿದ್ದು ಬಲಗೈಯಲ್ಲಿ. ನನಗೆ ಅಳು ಬಂತು. ಅತ್ತುಬಿಟ್ಟೆ.

ಬ್ಯಾಟರಿ ಸತ್ತಿದ್ದ ಫೋನನ್ನು ಸೆರಗಿನಿಂದ ತೆಗೆದು ಕೊಟ್ಟೆ. ಇವರು ಅದನ್ನೂ ನೋಡಿದರು, ನನ್ನನ್ನೂ ನೋಡಿದರು. ತಮ್ಮನಿಗೆ ಫೋನು ಮಾಡಿ, ಸೋಮವಾರ ಬರುತ್ತೇನೆ, ಕತ್ತರಿ ಇದ್ದಲ್ಲೇ ಇರಲಿ ಎಂದರು. ಅಷ್ಟಕ್ಕೇ ಬಿಡದೆ, ಕಂಪ್ಯೂಟರ್ ಜೋಡಿಸುವುದು ಹೇಗೆ ಎಂದು ಅವನಿಗೆ ಅರ್ಧ ಗಂಟೆ ಪಾಠ ಮಾಡಿದರು.

ಫೋನು ಇಟ್ಟು ಅಡುಗೆಮನೆಗೆ ಬಂದಾಗ ನಾನು ಕಾಫಿಗೆ ನೀರಿಟ್ಟಿದ್ದೆ. ಇವರು ಶೆಲ್ಫಿನ ಮೇಲಿದ್ದ ಸಕ್ಕರೆ ಡಬ್ಬಿಯ ಮುಚ್ಚಳಕ್ಕೆ ಒಂದು ಬೆರಳು ತಾಗಿಸಿದರು. ಅದು ತಾನಾಗಿ ತಿರುಗಿತು. ಪಕ್ಕದ ಡಬ್ಬಿಯದೂ ತಿರುಗಿತು, ಅದರ ಪಕ್ಕದ ಬಾಟಲಿಯದೂ.

“ಏಳು ತಿಂಗಳಿಂದ ಈ ಮನೇಲಿ ಒಂದು ಮುಚ್ಚಳಾನೂ ಬಿಗಿಯಾಗಿಲ್ಲ,” ಎಂದರು. “ದಿನಾ ಬೆಳಿಗ್ಗೆ ನಾನು ಏಳೋದಕ್ಕೆ ಮುಂಚೆ ಎಲ್ಲಾ ಸಡಿಲ ಮಾಡಿ ಇಡ್ತೀಯಲ್ಲ, ಗೊತ್ತಾಗಲ್ಲ ಅಂದ್ಕೊಂಡಿದ್ಯಾ? ನಾಳೆಯಿಂದ ಗಟ್ಟಿಯಾಗಿ ಮುಚ್ಚು.”

ನಾಳೆಯವರೆಗೆ ಯಾರು ಕಾಯುತ್ತಾರೆ? ಅಲ್ಲೇ, ಅವರ ಕಣ್ಣ ಮುಂದೆಯೇ, ಸಕ್ಕರೆ ಡಬ್ಬಿಯನ್ನು ಸೊಂಟಕ್ಕೆ ಒತ್ತಿ ಹಿಡಿದು ನನ್ನಲ್ಲಿದ್ದ ಬಲವನ್ನೆಲ್ಲ ಹಾಕಿ ಮುಚ್ಚಿದೆ. ಬೆಳಿಗ್ಗೆ ಎದ್ದು ತೆಗೆಯಲು ಹೋದರೆ ನನ್ನ ಕೈಯಲ್ಲೇ ಆಗಲಿಲ್ಲ. ಇವರನ್ನು ಎಬ್ಬಿಸಿದೆ. ಹಾಸಿಗೆಯ ಮೇಲೆ ಎದ್ದು ಕೂತು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಬಲಗೈಯಲ್ಲೇ ತಿರುಗಿಸತೊಡಗಿದರು. ಅವತ್ತು ಆರು ಗಂಟೆಯ ಕಾಫಿ ಕುಡಿಯುವಾಗ ಒಂಬತ್ತು ಗಂಟೆ ಆಗಿತ್ತು.