ಇನ್ನೊಂದು ಕೈ

ಗುರುಪಾದಯ್ಯ ಮಾಸ್ತರರ ತಲೆ ಮತ್ತೆ ಎಡಕ್ಕೆ ವಾಲಿತು. ಗೋಡೆಗೆ ಆನಿಸಿ ಕೂರಿಸಿದ ಹೆಣದ ಹಣೆಗೆ ಮಗ ಸಂಗನಬಸವ ಬಿಳಿ ಬಟ್ಟೆ ಬಿಗಿದು ಮೇಲಿನ ಮೊಳೆಗೆ ಕಟ್ಟಿದ. ಅಷ್ಟರಲ್ಲಿ ರೇಣುಕಾ, ಮಗಳು ಕಾವ್ಯಾಳೊಂದಿಗೆ ತಿಕೋಟಾದ ಆ ಮನೆಯ ಅಂಗಳಕ್ಕೆ ಕಾಲಿಟ್ಟಳು. ಕುಡುಕ ಗಂಡ ಬಿಟ್ಟು ಹೋದ ಮೇಲೆ ವಿಜಯಪುರದ ಇಬ್ರಾಹಿಂಪುರದಲ್ಲಿ ಹೊಲಿಗೆ ಮಷೀನು ತುಳಿದು ಬದುಕಿದವಳು.

"ಯಾರ ಬೇ ಆಕಿ?" ಅಂದಳು ಮೂಲೆಯಲ್ಲಿದ್ದ ಮುದುಕಿ ರಾಚವ್ವ.

"ಸಿದ್ದರಾಯನ ಮಗಳು. ಮಾಸ್ತರ್ರು ವರ್ಷಾ ಬನ್ನಿ ಹಿಡಕೊಂಡು ಹೋಗತಿದ್ರಲ್ಲ, ಆಕಿ," ಅಂದಳು ಪಕ್ಕದವಳು.

"ಸತ್ತ ಮ್ಯಾಲರ ಬಂದಾಳಲ್ಲ, ಪುಣ್ಯಾತಗಿತ್ತಿ."

ರೇಣುಕಾಳ ಕಿವಿಗೆ ಬೀಳಲಿ ಎಂದೇ ಆಡಿದ ಮಾತು. ಆದರೆ ಅವಳು ಪುಣ್ಯಕ್ಕೆ ಬಂದವಳಲ್ಲ. ಕೊಟ್ಟ ಮಾತಿಗೆ ಬಂದಿದ್ದಳು.

*

ಆಗ ಅವಳಿಗೆ ಹದಿನೈದು. ಮಾಸ್ತರರು ಇಂಗ್ಲಿಷ್ ಕಲಿಸುವ ರೀತಿಯೇ ಬೇರೆ. ಒಂದು ಕೈಯಲ್ಲಿ ಪೇರಲಹಣ್ಣು, ಇನ್ನೊಂದರಲ್ಲಿ ಬೆಲ್ಲ ಹಿಡಿದು ನಿಲ್ಲುವರು. ಯಾವುದಕ್ಕಿಂತ ಯಾವುದು ಇಷ್ಟ ಎಂದು ಇಂಗ್ಲಿಷಿನಲ್ಲಿ ಸರಿಯಾಗಿ ಹೇಳಿದವರಿಗೆ ಅದೇ ಸಿಗುತ್ತಿತ್ತು. ಒಂದು ದಿನ, ನಾಳೆ ನಿಮ್ಮದೇ ಒಂದು ವಾಕ್ಯ ಬರೆದು ತನ್ನಿ ಎಂದರು. ರೇಣುಕಾ ಬರೆದಳು: ಐ ಪ್ರಿಫರ್ ಸ್ಕೂಲ್ ಟು ಮ್ಯಾರೇಜ್.

ಒಂದೂ ತಪ್ಪಿಲ್ಲ! ಮಾಸ್ತರರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಜೆ ನೋಟುಬುಕ್ಕು ಹಿಡಿದು ಚಹಾದಂಗಡಿಗೇ ಹೋಗಿ, ಹತ್ತು ಜನರ ನಡುವೆ ಕೂತಿದ್ದ ಅವಳ ಅಪ್ಪ ಸಿದ್ದರಾಯನಿಗೆ ಓದಿ ತೋರಿಸಿದರು.

"ಮದಿವಿಗಿಂತ ಸಾಲೀನ ಹೆಚ್ಚು ಇಷ್ಟ ಅಂತ ಬರದಾಳ ನೋಡಪಾ ನಿನ್ನ ಮಗಳು!"

"ಏನಪಾ ಸಿದ್ದರಾಯ, ಮನ್ಯಾಗ ಯಾರ ಮಾತು ನಡೀತೈತಿ?" ಎಂದು ಒಬ್ಬ ಕೇಳಿದ. ಎಲ್ಲರೂ ನಕ್ಕರು. ಬಬಲೇಶ್ವರದಲ್ಲಿ ಗುಟ್ಟಾಗಿ ವರನನ್ನು ನೋಡಿಟ್ಟಿದ್ದ ಸಿದ್ದರಾಯ ನಗಲಿಲ್ಲ. ಮರುದಿನದಿಂದ ಶಾಲೆ ಬಂದ್. ಹದಿನೈದನೆಯ ದಿನಕ್ಕೆ ರೇಣುಕಾಳ ತಲೆಯ ಮೇಲೆ ಅಕ್ಕಿಕಾಳು ಬಿದ್ದವು. ಮಾಸ್ತರರ ಮೆಚ್ಚುಗೆಯೇ ಅವಳ ಬಾಳಿಗೆ ಕಲ್ಲು ಹಾಕಿತ್ತು.

ದಸರೆಯಲ್ಲಿ ಬನ್ನಿ ಎಲೆಯನ್ನು ಕಿರಿಯರು ಹಿರಿಯರಿಗೆ ಕೊಟ್ಟು ಕಾಲಿಗೆ ಬೀಳಬೇಕು. ಇಲ್ಲಿ ಮಾಸ್ತರರೇ ಪ್ರತಿ ವರ್ಷ ಅವಳ ಹೊಸ್ತಿಲಿಗೆ ಎಲೆ ಹಿಡಿದು ಬರುತ್ತಿದ್ದರು. ಬನ್ನಿ ಕೈಗೆ ಬಂದರೆ ಮುನಿಸು ಮುಗಿದಂತೆ. ಅದಕ್ಕೇ ರೇಣುಕಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದಳು.

"ತಪ್ಪಾತವಾ, ಕ್ಷಮಾ ಮಾಡು," ಅಂದರು ಹೋದ ವರ್ಷ.

"ಕ್ಷಮಾ ಮಾಡಿದ್ರ ನನ್ನ ಸಾಲಿ ತಿರಗಿ ಬರತೈತೇನ್ರಿ ಸರ್? ನೀವು ಹೋದ್ರ ಮಣ್ಣಿಗೆ ಬರ್ತೀನ್ರಿ. ಬನ್ನಿ ಮಾತ್ರ ತಗೊಳ್ಳೂದಿಲ್ಲ."

ಅವರು ಎಲೆ ಕಿಸೆಗೆ ಹಾಕಿಕೊಂಡು ಮೆಟ್ಟಿಲಿಳಿದರು.

*

ಹೆಣ ಎತ್ತುವ ಮುನ್ನ ಮಾಸ್ತರರ ಹೆಂಡತಿ ಗೌರಾಬಾಯಿ ಅವಳ ಬಳಿ ಬಂದು ಕರವಸ್ತ್ರದ ಗಂಟು ಬಿಚ್ಚಿದಳು. ಒಣಗಿದ ಬನ್ನಿ.

"ಈ ದಸರಾಕ್ಕ ಹಾಸಗಿ ಹಿಡದಿದ್ರು. ಎದ್ದ ಮ್ಯಾಲೆ ಹೋಗ್ತೀನಿ ಅಂತ ತಲಿದಿಂಬಿನ ಕೆಳಗ ಇಟ್ಟಿದ್ರು. ತಗೋ ಅನ್ನೂದಿಲ್ಲ ಯವ್ವಾ. ಒಲ್ಲಂದ್ರ ಕುಣಿಯಾಗ ಹಾಕು, ಅವರ ಸಂಗಾಟ ಹೋಗ್ಲಿ."

ಕುಣಿಗೆ ಹಾಕಿಬಿಡೋಣವೆಂದೇ ರೇಣುಕಾ ಅದನ್ನು ಎಡಗೈಯಲ್ಲಿ ಹಿಡಿದಳು.

ಸ್ಮಶಾನದಲ್ಲಿ ತೋಡಿದ ಕುಣಿಯಲ್ಲಿ ಮಾಸ್ತರರನ್ನು ಚಕ್ಕಳಮಕ್ಕಳ ಕೂರಿಸಿದ್ದರು. ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಿ ಸರಿದರು. ರೇಣುಕಾ ಬಲಗೈಯಲ್ಲಿ ಮಣ್ಣು ತೆಗೆದುಕೊಂಡು, ಎರಡೂ ಮುಷ್ಟಿ ಮುಂದೆ ಚಾಚಿ ನಿಂತಳು. ಪೇರಲ, ಬೆಲ್ಲ ಹಿಡಿದು ಹಾಗೆ ನಿಲ್ಲುತ್ತಿದ್ದವರು ಕೆಳಗೆ ಕಣ್ಣು ಮುಚ್ಚಿ ಕೂತಿದ್ದರು. ಇಪ್ಪತ್ತೆರಡು ವರ್ಷದ ಸಿಟ್ಟು ಹೊಟ್ಟೆಯಲ್ಲಿ ಹಾಗೇ ಇತ್ತು. ಅದನ್ನು ಕೇಳಿಸಿಕೊಳ್ಳಲು ಮಾತ್ರ ಇನ್ನು ಯಾರೂ ಬಾಗಿಲಿಗೆ ಬರುವುದಿಲ್ಲ. ಅದು ಹೊಳೆದದ್ದೇ ಅವಳಿಗೆ ಅಳು ಒತ್ತರಿಸಿ ಬಂತು.

"ಲಗೂ ಹಾಕವಾ, ಹಿಂದ ಮಂದಿ ನಿಂತಾರ," ಅಂದರು ಮಂತ್ರ ಹೇಳುತ್ತಿದ್ದ ಅಯ್ಯನವರು.

ಬಲಗೈ ಬಿಚ್ಚಿತು. ಮಣ್ಣು ಬಿತ್ತು.

ಸ್ಮಶಾನದ ಗೇಟಿನ ಬಳಿ ಎಲ್ಲರೂ ಕೈ ತೊಳೆಯುತ್ತಿದ್ದರು. ಕಾವ್ಯಾ ತಂಬಿಗೆ ಬಗ್ಗಿಸಿದಳು. ರೇಣುಕಾ ಬಲಗೈ ಒಡ್ಡಿ, ಬೆರಳಿಗೆ ಅಂಟಿದ ಮಣ್ಣನ್ನೆಲ್ಲ ತಿಕ್ಕಿ ಬಿಡಿಸಿದಳು.

"ಇನ್ನೊಂದು ಕೈ ತಾ ಬೇ ಯವ್ವಾ."

ರೇಣುಕಾ ಎಡಗೈ ಮುಷ್ಟಿಯನ್ನು ಸೆರಗಿನೊಳಗೆ ಎಳೆದುಕೊಂಡಳು. ತಂಬಿಗೆಯ ನೀರು ನೆಲಕ್ಕೆ ಬಿದ್ದು ಹರಿದು ಹೋಯಿತು.