ಸಿಲೆಬಸ್ಸಿನಲ್ಲಿ ಇಲ್ಲದ್ದು

"ಬೇವರ್ಸಿ, ಆ ಮೊಬೈಲು ಕೆಳಗೆ ಇಡ್ಲಿಕ್ಕೆ ಹೇಳು ನಿನ್ನ ಮಗಳಿಗೆ. ನನ್ನ ಅಂಗಳದಲ್ಲಿ ನಿಂತು ನನಗೇ ಪಾಠ ಮಾಡುವಷ್ಟು ಆಯ್ತಾ?"

ಧಣಿ ಚಾವಡಿಯ ಕುರ್ಚಿಯಿಂದ ಏಳದೆಯೇ ಬೈದರು. ಪಕ್ಕದಲ್ಲಿ ಊರಿನ ಜಮೀನು ಕಡತ ನೋಡುವ ವಿ.ಎ. ಎಳನೀರು ಹೀರುತ್ತಿದ್ದ. ಕೆಳಗೆ ಬಿಸಿಲಲ್ಲಿ ಜತ್ತಪ್ಪ, ಮುಂಜಾನೆಯಿಂದ ಧಣಿಯ ರಬ್ಬರ್ ಮರ ಕೆತ್ತಿ ಹಾಲು ಅಂಟಿದ ಕೈಗಳನ್ನು ಕಟ್ಟಿಕೊಂಡು ನಿಂತಿದ್ದ. ಅವನ ಪಕ್ಕದಲ್ಲಿ ಮಗಳು ವಿಸ್ಮಿತಾ.

ಸಂಗತಿ ಇಷ್ಟೇ. ಧಣಿಗೆ ರಬ್ಬರ್ ತೋಟದೊಳಗೆ ಹೋಂಸ್ಟೇ ಕಟ್ಟಬೇಕು, ಅದಕ್ಕೆ ಕಾರು ಹೋಗುವ ರಸ್ತೆ ಬೇಕು, ರಸ್ತೆಗೆ ಜತ್ತಪ್ಪನ ಮನೆ ಅಡ್ಡ. 'ಧಣಿಗಳ ಜಾಗದಲ್ಲಿ ಅವರ ದಯೆಯಿಂದ ಇದ್ದೆವು, ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇವೆ' ಎಂದು ಕಾಗದ ಬರೆಸಿ ಇಟ್ಟಿದ್ದರು. ಅದರ ಮೇಲೆ ಜತ್ತಪ್ಪನ ಹೆಬ್ಬೆಟ್ಟು ಬಿದ್ದರೆ ನಾಳೆಯೇ ಮನೆ ನೆಲಸಮ. ಇಚ್ಛೆಯಂತೆ, ಇಚ್ಛೆ! ಯಾರ ಇಚ್ಛೆ?

ವಿಸ್ಮಿತಾ ಮೂಡುಬಿದಿರೆಯ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಎ. ರಸ್ತೆಯ ಸುದ್ದಿ ಕಿವಿಗೆ ಬಿದ್ದ ಮರುದಿನವೇ ಅವಳು, ಪಹಣಿ ಓದುವುದು ಹೇಗೆ ಸಾರ್ ಎಂದು ಲೆಕ್ಚರರನ್ನು ಕೇಳಿದ್ದಳು. ಅದು ಸಿಲೆಬಸ್ಸಿನಲ್ಲಿ ಇಲ್ಲ, ಸುಮ್ಮನೆ ನೋಟ್ಸ್ ಬರೆದುಕೊ ಎಂದಿದ್ದರು ಅವರು. ಭೂಸುಧಾರಣೆಯ ಮೇಲೆ ಹತ್ತು ಅಂಕದ ಪ್ರಶ್ನೆ ಸಿಲೆಬಸ್ಸಿನಲ್ಲಿ ಇತ್ತು. ತಾನು ಮಲಗುವ ನೆಲ ಯಾರದ್ದೆಂದು ತಿಳಿಯುವ ದಾರಿ ಇರಲಿಲ್ಲ. ಮತ್ತೆ ಅವಳು ಯಾರನ್ನೂ ಕೇಳಲು ಹೋಗಲಿಲ್ಲ.

ದಿನಾ ಬಸ್ಸಿನಲ್ಲಿ ಒಂದೂವರೆ ಗಂಟೆ. ವೇಣೂರಿನಲ್ಲಿ ಹತ್ತುವ ಗೆಳತಿ ರಿಫಾಳ ಹಾಟ್‌ಸ್ಪಾಟು. ಎಲ್ಲಿಯದೋ ಊರಿನ ನಿವೃತ್ತ ಸರ್ವೇಯರ್ ಒಬ್ಬರು ಪುಣ್ಯಕ್ಕೆ ಮಾಡಿ ಹಾಕಿದ ವಿಡಿಯೋಗಳು. ನಿಲ್ಲಿಸಿ, ಹಿಂದೆ ಓಡಿಸಿ, ಪುನಃ ಕೇಳಿ, ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬರೆದುಕೊಂಡಳು. ಮೊದಲ ವಾರವಂತೂ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ಧಣಿಯ ಹಟ್ಟಿಯನ್ನು ಹೊಳೆಯ ನಡುವೆ ಕೂರಿಸಿದ್ದಳು. ರಿಫಾ ಬಸ್ಸಿಡೀ ಕೇಳುವಂತೆ ನಕ್ಕಿದ್ದಳು. ಎರಡು ತಿಂಗಳಲ್ಲಿ ಸರ್ಕಾರದ ವೆಬ್‌ಸೈಟಿನಿಂದ ಊರಿನ ನಕ್ಷೆ ಇಳಿಸಿ ಗಡಿಗೆರೆಗಳನ್ನು ಓದುವಷ್ಟಾದಳು. ಆಗ ಸಿಕ್ಕಿದ್ದು ಆ ಮಾತು: ಡಿ.ಸಿ. ಮನ್ನಾ. ಬ್ರಿಟಿಷರ ಕಾಲದಲ್ಲೇ ದಲಿತರಿಗೆಂದು ಬಿಟ್ಟ ಜಾಗ. ಅವರ ಮನೆ ಮಾತ್ರವಲ್ಲ, ಅಪ್ಪ ಕೆತ್ತುವ ಮರಗಳಲ್ಲಿ ಅರ್ಧ ನಿಂತದ್ದೂ ಅದರ ಮೇಲೆಯೇ.

ಈಗ ಅದನ್ನೇ ಸರ್ವೆ ನಂಬರಿನ ಸಮೇತ ಅಂಗಳದಲ್ಲಿ ನಿಂತು ಹೇಳಿದ್ದಳು. ಘಟ್ಟದ ಮೇಲಿನಿಂದ ಬಂದ ವಿ.ಎ.ಗೆ ಎಳನೀರು ನೆತ್ತಿಗೇರಿತು. ಕೆಮ್ಮಿ ಮುಗಿಸಿ, "ಯಾರಮ್ಮ ಇದೆಲ್ಲ ನಿಂಗೆ ಹೇಳ್ಕೊಟ್ಟಿದ್ದು?" ಎಂದ.

"ಮೊಬೈಲಲ್ಲಿ ನೋಡಿ ಕಲಿತದ್ದು."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೊದಲು ನಗು ನಿಲ್ಲಿಸಿದ್ದು ಧಣಿ.

"ಹಾಗಾದ್ರೆ ಮನೆಯನ್ನೂ ಮೊಬೈಲಲ್ಲೇ ಕಟ್ಟಿಕೊಳ್ಳಿ. ಗಡಿಕಲ್ಲು ಉಂಟಾ ಅಲ್ಲಿ? ಇದ್ರೆ ತೋರಿಸು ನೋಡುವ. ಕಾಲೊನಿಯವರಿಗೆ ಅಕ್ಷರ ಕಲಿಸಿದ್ದೇ ತಪ್ಪು."

ಗಡಿಕಲ್ಲು ಅಲ್ಲಿರಲಿಲ್ಲ. ಕಳೆದ ವಾರ ನಕ್ಷೆಯಲ್ಲಿ ಕಲ್ಲಿನ ಗುರುತಿದ್ದ ಮೂಲೆಯನ್ನೆಲ್ಲ ಕೆದಕಿ ನೋಡಿ ಬರಿಗೈಯಲ್ಲಿ ಬಂದಿದ್ದಳು. ವಿ.ಎ. ಇಂಕಿನ ಪ್ಯಾಡ್ ತೆರೆದ. ದೊಡ್ಡವರ ಹತ್ತಿರ ನಮಗೆಂತ ಮಗಾ, ಬಿಡು ಎಂದು ಗೊಣಗುತ್ತ ಜತ್ತಪ್ಪ ಹೆಬ್ಬೆರಳು ಮುಂದೆ ಮಾಡಿದ. ಅದನ್ನು ನೋಡುತ್ತ ನಿಲ್ಲಲು ಅವಳಿಂದ ಆಗಲಿಲ್ಲ. ಅಮ್ಮನಾದರೂ ಬಂದು ತಡೆಯಲಿ ಎಂದು ಧಣಿಯ ಮನೆಯ ಹಿತ್ತಿಲಿಗೆ ಓಡಿದಳು.

ಬಾವಿಕಟ್ಟೆಯ ಹತ್ತಿರ ಪೂವಮ್ಮ ಧಣಿಯ ಪಂಚೆಗಳನ್ನು ಕಲ್ಲಿಗೆ ಬಡಿಯುತ್ತಿದ್ದಳು. ಕರೆಯಲು ಬಾಯಿ ತೆರೆದ ವಿಸ್ಮಿತಾ ಹಾಗೆಯೇ ನಿಂತಳು. ಒಗೆಯುವ ಕಲ್ಲಿನ ತುದಿಯಲ್ಲಿ, ಸೋಪಿನ ನೊರೆ ಇಳಿದ ಕಡೆ, ಉಳಿಯಿಂದ ಕೊರೆದ ಒಂದು ಕೂಡಿಸುವ ಗುರುತು. ವಿಡಿಯೋದಲ್ಲಿ ಆ ಸರ್ವೇಯರ್ ಗಡಿಕಲ್ಲಿಗೆ ನೀರು ಹಾಕಿ ಒರೆಸಿ ತೋರಿಸಿದ್ದು ಇಂಥದ್ದನ್ನೇ. ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ಪಾಚಿ ಕೆರೆದಳು.

ಈ ಕಲ್ಲು ಎಲ್ಲಿಂದ ಬಂದದ್ದು ಎಂದು ಕೇಳಿದಳು.

"ನಿನ್ನ ಅಪ್ಪನೇ ಹೊತ್ತು ತಂದದ್ದು. ನೀನು ಹೊಟ್ಟೆಯಲ್ಲಿದ್ದೆ, ರಬ್ಬರ್ ಗಿಡ ಇಟ್ಟ ವರ್ಷ. ಮೂಲೆಯಲ್ಲಿ ಒಂದು ಕಲ್ಲು ನೆಟ್ಟದ್ದುಂಟು, ಕಿತ್ತು ತಾ ಅಂದ್ರು ಧಣಿ."

ವಿಸ್ಮಿತಾ ಹೇಳಬೇಕಾದ್ದನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ಪೂವಮ್ಮ ಕೈಯಲ್ಲಿದ್ದ ಪಂಚೆಯನ್ನು ಒಮ್ಮೆ ನೋಡಿದಳು, ಕಲ್ಲನ್ನು ಒಮ್ಮೆ ನೋಡಿದಳು.

"ನಮ್ಮ ಕಲ್ಲಿನ ಮೇಲೆ ಆ ನಾಯಿಯ ಕೊಳೆ ಒಗೆದದ್ದಾ ನಾನು, ಇಷ್ಟು ವರ್ಷ?"

ಪಂಚೆ ಕೆಸರಿಗೆ ಬಿತ್ತು. ತಾಯಿ ಮಗಳು ಎರಡು ತುದಿ ಹಿಡಿದು ಕಲ್ಲನ್ನು ಎತ್ತಿದರು. ತೋಟದ ಆ ಮೂಲೆಗೆ ಹಿತ್ತಿಲ ದಾರಿ ಇತ್ತು. ಪೂವಮ್ಮ ಬೇಕೆಂದೇ ಮುಂದಿನ ಅಂಗಳಕ್ಕೆ ತಿರುಗಿದಳು.

ಜತ್ತಪ್ಪನ ಹೆಬ್ಬೆರಳಿಗೆ ಇಂಕು ಹತ್ತಿತ್ತು, ವಿ.ಎ. ಅವನ ಮಣಿಕಟ್ಟು ಹಿಡಿದು ಕಾಗದದ ಕಡೆ ಎಳೆಯುತ್ತಿದ್ದ. ಜತ್ತಪ್ಪನಿಗೆ ನಕ್ಷೆ ಓದಲು ಬಾರದು. ಆದರೆ ತಾನು ಕಿತ್ತ ಕಲ್ಲು ಅವನಿಗೆ ಗೊತ್ತು. ಅದರ ಗುರುತು ಗೊತ್ತು, ಅದು ನಿಂತಿದ್ದ ಹೊಂಡವೂ ಗೊತ್ತು. ಮಗಳು ಹೇಳಿದ್ದೆಲ್ಲ ಆಗ ಒಟ್ಟಿಗೇ ತಲೆಗೆ ಹೋಯಿತು. ಕೈ ಬಿಡಿಸಿಕೊಂಡು ಚಾವಡಿಯ ಸುಣ್ಣದ ಕಂಬಕ್ಕೆ ಬೆರಳು ಒರೆಸಿದ. ಆಮೇಲೆ ಬಂದು ಹೆಂಡತಿಯ ಕೈಯಿಂದ ಕಲ್ಲಿನ ಭಾರ ತೆಗೆದುಕೊಂಡ.

ಧಣಿಯ ಬಾಯಿಗೆ ಆಗ ಬಾರದ ಬೈಗುಳವಿಲ್ಲ. ಕಳ್ಳರು, ನನ್ನ ಕಲ್ಲು ಕದ್ದರು ಎಂದು ಫೋನಿನಲ್ಲಿ ಪೊಲೀಸರಿಗೆ ಕೂಗಿ ಹೇಳುವುದು ತೋಟದವರೆಗೂ ಕೇಳುತ್ತಿತ್ತು. ವಿಸ್ಮಿತಾ ಮೊಬೈಲಿನ ನಕ್ಷೆಯಲ್ಲಿ ತನ್ನ ಜೊತೆ ಸರಿಯುವ ನೀಲಿ ಚುಕ್ಕೆ ನೋಡುತ್ತ ಮರಗಳ ನಡುವೆ ನಡೆದಳು. ಚುಕ್ಕೆ ಮೂಲೆಗೆ ಬಂದಲ್ಲಿ ನಿಂತಳು. ಜತ್ತಪ್ಪ ಪಿಕ್ಕಾಸಿನಿಂದ ಮೊಣಕಾಲಿನಷ್ಟು ಆಳ ಅಗೆದು ಕಲ್ಲನ್ನು ಇಳಿಸಿದ.

"ಸರಿ ಉಂಟಾ ನೋಡು ಮಗಾ. ಆವತ್ತು ಕೇಳದೆ ಕಿತ್ತೆ. ಇವತ್ತು ಕೇಳಿಯೇ ನೆಡ್ತೇನೆ."

ಒಂದು ಗೇಣು ಪೂರ್ವಕ್ಕೆ ಎಂದಳು ವಿಸ್ಮಿತಾ. ಅವನು ಸರಿಸಿದ. ಕೆಳಗೆ ರಸ್ತೆಯಲ್ಲಿ ಜೀಪು ನಿಂತಿತು, ಬಾಗಿಲುಗಳು ತೆರೆದ ಸದ್ದಾಯಿತು. ಜತ್ತಪ್ಪ ತಲೆ ಎತ್ತಲಿಲ್ಲ. ಕಲ್ಲಿನ ಬುಡಕ್ಕೆ ಮಣ್ಣು ಎಳೆದು ತುಳಿಯುತ್ತಲೇ ಇದ್ದ.