ಮೊಣಕೈವರೆಗೆ ದಾರ

"ಬಿಚ್ಚೇ, ಕೊಕ್ಕರೆ ಬಂತಲ್ಲ," ಎನ್ನುತ್ತ ಪೆನಾ ಅಜ್ಜಿ ಕತ್ತರಿ ಹಿಡಿದು ಅಂಗಳಕ್ಕಿಳಿದಳು. ಎದುರಿನ ಲೈಟುಕಂಬದ ಮೇಲಿನ ಹಳೇ ಗೂಡಿನಲ್ಲಿ ಕೊಕ್ಕರೆಯೊಂದು ಆಗಷ್ಟೇ ಬಂದು ನಿಂತಿತ್ತು. ಮಾರ್ಚ್ ಒಂದಕ್ಕೆ ಒಬ್ಬರಿಗೊಬ್ಬರು ಮುಂಗೈಗೆ ಕಟ್ಟಿದ ಕೆಂಪು-ಬಿಳಿ ದಾರವನ್ನು ವರ್ಷದ ಮೊದಲ ಕೊಕ್ಕರೆ ಕಂಡ ಕೂಡಲೇ ಬಿಚ್ಚಿ ಹೂಬಿಟ್ಟ ಮರಕ್ಕೆ ಕಟ್ಟಬೇಕು, ಅದು ಊರ ಪದ್ಧತಿ. ಅಜ್ಜಿ ತನ್ನದನ್ನು ಆಗಲೇ ಪ್ಲಮ್ ಮರದ ಕೊಂಬೆಗೆ ಕಟ್ಟಿಯಾಗಿತ್ತು. ಹದಿನೈದರ ಮೊಮ್ಮಗಳು ನೆವೆನಾ ಮಾತ್ರ ಎಡಗೈಯನ್ನು ಎದೆಗವಚಿಕೊಂಡು ನಿಂತಿದ್ದಳು.

ಆ ಕೈಗೆ ಮೊಣಕೈವರೆಗೂ ದಾರವಿತ್ತು. ಅವಳ ತಾಯಿ ದೊನ್ಕಾಳಿಗೆ ಆ ತಿಂಗಳೆಲ್ಲ ಅದೇ ಹೆಮ್ಮೆ. ಯಾಂಬೋಲ್ ಪಟ್ಟಣದ ತಮ್ಮ ಮನೆಯ ಮುಂಕೋಣೆಯಲ್ಲಿ ಹೆಂಗಸರ ಕೂದಲು ಕತ್ತರಿಸಿ ಬಣ್ಣ ಹಚ್ಚುವ ಕಸುಬು ಅವಳದು. ಕುರ್ಚಿಗೆ ಬಂದು ಕೂತವರಿಗೆಲ್ಲ ಹೇಳಿದ್ದೇ ಹೇಳಿದ್ದು. ಹೋದ ವರ್ಷ ಹೊಸ ಶಾಲೆಗೆ ಸೇರಿದಾಗ ಎರಡೇ ದಾರ ಕಟ್ಟಿಸಿಕೊಂಡು ಬಂದಿದ್ದ, ಮನೆಯಲ್ಲಿ ತುಟಿ ಎರಡು ಮಾಡದ ಹುಡುಗಿಗೆ ಈಗ ಇಷ್ಟೊಂದು ಗೆಳತಿಯರು. ಯಾರ ಕೈಗೆ ಎಷ್ಟು ದಾರ ಎಂದು ಕಣ್ಣಲ್ಲೇ ಅಳೆಯುವ ಊರು ಇದು. ಹಾಗೆ ಅಳೆದವರಿಗೆ ದಾರದ ಕೆಳಗೆ ನೋಡುವ ಯೋಚನೆ ಎಲ್ಲಿಂದ ಬರಬೇಕು.

ಆಮೇಲೆ ತಾನೇ ಬಿಚ್ಚಿಕೊಳ್ಳುತ್ತೇನೆ ಎಂದಳು ನೆವೆನಾ. ಅಜ್ಜಿ ಕೇಳುವ ಪೈಕಿಯಲ್ಲ. ದೊನ್ಕಾ ಮಗಳ ಕೈಯನ್ನು ಎಳೆದು ಹಿಡಿದುಕೊಂಡಳು. ಹೌದು, ಹಡೆದವಳೇ ಹಿಡಿದದ್ದು, ಅದೂ ನಗುನಗುತ್ತ. ಅಜ್ಜಿ ಕತ್ತರಿ ಆಡಿಸಿದಳು, ದಾರಗಳು ಒಟ್ಟಾಗಿ ಜಾರಿ ಬಿದ್ದವು. ಕೆಳಗಿನ ಚರ್ಮ ಬೆರಳಿಡುವಷ್ಟು ಜಾಗದಲ್ಲೂ ನೆಟ್ಟಗಿರಲಿಲ್ಲ. ಹಳೆಯ ಗೀರುಗಳು ಬೆಳ್ಳಗಾಗಿದ್ದವು, ಹೊಸವು ಇನ್ನೂ ಹಸಿಯಾಗಿದ್ದವು.

ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡಳು.

"ಯಾರೇ ಮಾಡಿದ್ದು ಇದನ್ನ?"

"ನಾನೇ."

ದೊನ್ಕಾ ಹೊಡೆದೇಬಿಟ್ಟಳು, ಕೆನ್ನೆಗೆ, ಫಟೀರಂತ. ಹೆದರಿಕೆಯಾದಾಗ ಕೈ ಮುಂದಾಗುತ್ತದೆ, ಬುದ್ಧಿ ಹಿಂದಿನಿಂದ ಏದುಸಿರು ಬಿಡುತ್ತ ಬರುತ್ತದೆ. ಈ ಚಾಳಿ ಕಲಿಸಿದವರು ಯಾರು, ದಾರ ಕಟ್ಟಿದ ಒಬ್ಬೊಬ್ಬಳ ಹೆಸರೂ ಹೇಳು, ಮನೆಮನೆಗೆ ಹೋಗಿ ಅವರ ತಾಯಂದಿರ ಜುಟ್ಟು ಹಿಡಿದು ಕೇಳುತ್ತೇನೆ ಎಂದು ಕೂಗಾಡಿದಳು.

ನೆವೆನಾ ನೆಲದಿಂದ ದಾರ ಹೆಕ್ಕುತ್ತಿದ್ದಳು, ತಲೆ ಎತ್ತಲಿಲ್ಲ. "ಯಾರ ಮನೆಗೂ ಹೋಗ್ಬೇಡಮ್ಮಾ. ಯಾರೂ ಕಟ್ಟಿಲ್ಲ. ಎಲ್ಲಾ ಅಂಗಡೀಲಿ ತಗೊಂಡು ನಾನೇ ಕಟ್ಕೊಂಡಿದ್ದು."

ಗಾಯ ನೋಡಿದಾಗ ಬಾರದ ಅಳು ದೊನ್ಕಾಳಿಗೆ ಆಗ ಬಂತು.

ಸೀಸ ಕರಗಿಸಿ ನೀರಿಗೆ ಹೊಯ್ಯುವ ಹೆಂಗಸೊಬ್ಬಳಿದ್ದಾಳೆ, ಅವಳ ಹತ್ತಿರ ಹೋದರೆ ಹುಡುಗಿಗೆ ಹಿಡಿದ ಭಯ ಇಳಿದುಹೋಗುತ್ತದೆ ಎಂದಳು ಅಜ್ಜಿ. ಜರ್ಮನಿಗೆ ಲಾರಿ ಹೊಡೆಯುವ ಅಪ್ಪ ಫೋನಿನಲ್ಲಿ, ಇದೆಲ್ಲ ಹೊಟ್ಟೆ ತುಂಬಿದ ಮಕ್ಕಳ ನಾಟಕ ಎಂದ. ದೊನ್ಕಾ ಅಡುಗೆಮನೆಯ ಚಾಕು, ಕಸುಬಿನ ಕತ್ತರಿ ಎಲ್ಲವನ್ನೂ ಬೀರುವಿಗೆ ಸೇರಿಸಿ ಬೀಗ ಹಾಕಿದಳು. ಇನ್ನು ಮಾಡುವುದಿಲ್ಲ ಎಂದು ದೇವಮಾತೆಯ ಪಟ ಮುಟ್ಟಿಸಿ ಆಣೆ ಮಾಡಿಸಿದಳು. ದಿನಾ ಸಂಜೆ ತೋಳು ತೋರಿಸು ಎಂದು ನಿಲ್ಲಿಸಿಕೊಂಡಳು. ಹುಡುಗಿ ಬಚ್ಚಿಡುವುದರಲ್ಲಿ ಇನ್ನಷ್ಟು ಜಾಣಳಾದಳು, ಅಷ್ಟೇ.

ಕೊನೆಗೆ ಮಕ್ಕಳ ಮನಸ್ಸಿನ ಡಾಕ್ಟರ್ ಮಿಂಚೆವಾ ಅವರ ಹತ್ತಿರ ಹೋದರು. ಆಕೆ ವಾರವಾರ ಹುಡುಗಿಯನ್ನು ಕೂರಿಸಿಕೊಂಡು ಮಾತಾಡಿದರು, ತಾಯಿಯನ್ನೂ ಬಿಡಲಿಲ್ಲ. ಬೀಗ ಹಾಕಿದ್ದು ಸರಿ, ಆಣೆ ತಪ್ಪು, ಆಣೆ ಮುರಿದವಳು ಗಾಯದ ಜೊತೆಗೆ ಪಾಪವನ್ನೂ ಬಚ್ಚಿಡಬೇಕಾಗುತ್ತದೆ ಎಂದರು. ಇದು ನಾಟಕವಲ್ಲ, ಒಳಗಿನ ಸಂಕಟ ತಾಳಲು ಅವಳಿಗೆ ಸದ್ಯ ಬೇರೆ ದಾರಿ ಗೊತ್ತಿಲ್ಲ, ಕಲಿಯುತ್ತಿದ್ದಾಳೆ ಎಂದರು.

"ಹಾಲುಕ್ಕಿದ ಹಾಗೆ ಉಕ್ಕುತ್ತೆ, ಆಮೇಲೆ ಇಳಿಯುತ್ತೆ. ಆವಾಗ ಪಕ್ಕದಲ್ಲಿ ಒಬ್ರು ಇರ್ಬೇಕು. ಅವಳಾಗಿ ಬಂದು ಹೇಳಿದ ದಿನ ಕೈಲಿರೋದು ಬಿಟ್ಟು ಎದ್ದು ಹೋಗಿ."

"ಅಷ್ಟರಲ್ಲೇ ಮಾಡ್ಕೊಂಡುಬಿಟ್ರೆ, ಡಾಕ್ಟ್ರೇ?"

"ಬಯ್ಬೇಡಿ, ಅಳ್ಬೇಡಿ. ತೊಳೆದು ಪಟ್ಟಿ ಕಟ್ಟಿ. ನನಗೆ ಫೋನ್ ಮಾಡಿ."

ಮೇ ತಿಂಗಳ ಒಂದು ಮಧ್ಯಾಹ್ನ ಸಹಕಾರಿ ಅಂಗಡಿಯ ಸೆವ್ದಾ ಕುರ್ಚಿಯಲ್ಲಿದ್ದಳು. ಸಂಜೆ ಅವಳ ಮನೆಗೆ ಬೀಗರು ಬರುವವರಿದ್ದರು. ಅರ್ಧ ತಲೆಗೆ ಬಣ್ಣ ಹಚ್ಚಿ ಆಗಿತ್ತು. ನೆವೆನಾ ಶಾಲೆಯಿಂದ ಬಂದವಳು ಬೆನ್ನಿನ ಚೀಲ ಕೂಡ ಇಳಿಸದೆ ಬಾಗಿಲಲ್ಲಿ ನಿಂತಳು.

"ಅಮ್ಮಾ, ಬರ್ತಿದೆ."

ಇಷ್ಟು ದಿನಗಳಲ್ಲಿ ಅವಳಾಗಿ ಬಂದು ಹೇಳಿದ್ದು ಅದೇ ಮೊದಲು. ಏನು ಬರ್ತಿದೆಯಂತೆ ಎಂದು ಸೆವ್ದಾ ಕನ್ನಡಿಯಲ್ಲೇ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿದಳು. ಸೆವ್ದಾಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಊರ ಬಾಯಿಗೆ. ದೊನ್ಕಾ ಗಿರಾಕಿಗಳ ಮುಂದೆ ಆಡಿ ಆಡಿ ರೂಢಿಯಾದ ಸಕ್ಕರೆ ದನಿಯಲ್ಲಿ, "ಐದೇ ನಿಮಿಷ ಚಿನ್ನಾ, ಇವ್ರದ್ದೊಂದು ಮುಗಿಸಿ ಬಂದೆ," ಅಂದುಬಿಟ್ಟಳು.

ನೆವೆನಾ ತಲೆಯಾಡಿಸಿದಳು. ಸೆವ್ದಾಳನ್ನು ಮರ್ಯಾದೆಯಿಂದ ಮಾತಾಡಿಸಿಯೇ ಒಳಗೆ ಹೋದಳು.

ಇನ್ನೊಂದು ಎಳೆಗೆ ಬಣ್ಣ ಸವರುವಾಗ ತಾನು ಕೇಳಿಸಿಕೊಂಡದ್ದೇನು ಎಂಬುದು ದೊನ್ಕಾಳ ತಲೆಗೆ ಹತ್ತಿತು. ಬ್ರಷ್ ಎಸೆದು ಓಡಿದಳು. ಬಚ್ಚಲ ಬಾಗಿಲು ಹಾಕಿತ್ತು, ಒಳಗೆ ನಲ್ಲಿ ಜೋರಾಗಿ ಸುರಿಯುತ್ತಿತ್ತು. ಬಡಿಯಲು ಎತ್ತಿದ ಮುಷ್ಟಿಯನ್ನು ಹೇಗೋ ಕೆಳಗಿಳಿಸಿ ಬಾಗಿಲಿಗೆ ಬಾಯಿ ಹಚ್ಚಿದಳು. "ಬಂದೆ ಕಣೇ. ಇಲ್ಲೇ ಇದೀನಿ." ನೆತ್ತಿ ಉರಿಯುತ್ತಿದೆ ಎಂದು ಮುಂಕೋಣೆಯಿಂದ ಸೆವ್ದಾ ಕೂಗಿದಳು, ಮತ್ತೆ ಕೂಗಿದಳು. ದೊನ್ಕಾ ಅಲುಗಲಿಲ್ಲ.

ನಲ್ಲಿ ನಿಂತಿತು. ಬಾಗಿಲು ತೆರೆಯಿತು. ನೆವೆನಾ ತೋಳಿಗೆ ಟವೆಲು ಒತ್ತಿ ಹಿಡಿದಿದ್ದಳು.

"ಐದು ನಿಮಿಷ ತಡ್ಕೊಳ್ಳೋಕಾಗ್ಲಿಲ್ಲಮ್ಮಾ," ಎಂದಳು, ತಪ್ಪು ತನ್ನದೇ ಎಂಬಂತೆ.

ಕೈ ತೊಳೆದುಕೊಂಡು ಪಟ್ಟಿ ಕಟ್ಟುತ್ತೇನೆ ಎಂದಳು ದೊನ್ಕಾ. ಅವಳ ಬೆರಳಿಗೆಲ್ಲ ಕಪ್ಪು ಬಣ್ಣ ಮೆತ್ತಿತ್ತು. ಸೋಪು ಹಚ್ಚಿ ತಿಕ್ಕಿದಳು, ಹೋಗಲಿಲ್ಲ. ಮತ್ತೆ ಹಚ್ಚಿ ಮತ್ತೆ ತಿಕ್ಕಿದಳು. ಅಷ್ಟು ಹೊತ್ತೂ ನೆವೆನಾ ಪಕ್ಕದಲ್ಲಿ ತೋಳು ಮುಂದೆ ಚಾಚಿಕೊಂಡು ಕಾಯುತ್ತ ನಿಂತಿದ್ದಳು.